ನಮ್ಮೂರ ಕೋಟೆಯ ಬಾಗಿಲು

ಬೆಂಗಳೂರಿನ ಇಂದಿರಾನಗರದ ಹಳೇ ಬಂಗಲೆಯೊಂದರಲ್ಲಿರುವ ಆರ್ಕಿಟೆಕ್ಟ್ ಆಫೀಸಿನಲ್ಲಿ ನನ್ನದು ಮಾಡೆಲ್ ಮಾಡುವ ಕೆಲಸ. ಫೋಮ್ ಬೋರ್ಡ್ ಕತ್ತರಿಸಿ, ಅಂಟಿಸಿ, ಇನ್ನೂ ಕಟ್ಟದ ಮನೆಗಳನ್ನು ಚಿಕ್ಕದಾಗಿ ಕಟ್ಟಿ ತೋರಿಸುವುದು. ಹೋದ ವರ್ಷ ಪ್ರದರ್ಶನವೊಂದಕ್ಕೆಂದು ಮೇಡಂ ನನ್ನ ಮುಂದೆ ಹರಡಿದ್ದು ಯಾದಗಿರಿಯ ಬೆಟ್ಟದ ಕೋಟೆಯ ನಕ್ಷೆ. ನಾನು ಆ ಬೆಟ್ಟದ ಬುಡದಲ್ಲೇ ಬೆಳೆದವನು.

ಎರಡು ದಿನ ಖುಷಿಯಿಂದ ಗುಡ್ಡ ಕಟ್ಟಿದೆ. ಬಾಗಿಲಿಗೆ ಬಂದಾಗ ಕೈ ನಿಂತಿತು. ನಕ್ಷೆಯಲ್ಲಿ ದಾರಿ ಬುರುಜನ್ನು ಬಳಸಿ, ಗೋಡೆಗೆ ಒತ್ತಿಕೊಂಡು, ಗಕ್ಕನೆ ತಿರುಗುತ್ತದೆ. ನನ್ನ ನೆನಪಿನಲ್ಲಿ ನಮ್ಮ ಓಣಿಯಿಂದ ನೆಟ್ಟಗೆ ಹತ್ತಿದರೆ ಕೋಟೆಯೊಳಗೇ.

“ಮೇಡಂ, ಡ್ರಾಯಿಂಗ್ ತಪ್ಪಿದೆ,” ಅಂದೆ.

“ಬೇಕಂತಲೇ ಹಾಗೆ ಕಟ್ಟಿರೋದು. ಶತ್ರುಗಳ ಆನೆ ಓಡ್ಬಂದು ಬಾಗಿಲಿಗೆ ಗುದ್ದಬಾರ್ದು ಅಂತ ಆ ತಿರುವು. ನೀವೇ ಸರಿಯಾಗಿ ನೆನಪು ಮಾಡ್ಕೊಳ್ಳಿ.”

ಊಟದ ಹೊತ್ತಿಗೆ ಊರಲ್ಲಿರುವ ಅವ್ವನಿಗೆ ಫೋನ್ ಮಾಡಿದೆ. ಅವ್ವ ನಕ್ಕಳು. “ಬಾಗಿಲದಾಗಿಂದ ನೀ ಯಾವಾಗ ಹೋಗೀಯಪ್ಪ? ನಮ್ಮ ಓಣಿ ಕಡೆ ಗ್ವಾಡಿ ಬಿದ್ದಿತ್ತಲ್ಲ, ಅದ್ನ ಹತ್ತಿ ಹೋಗ್ತಿದ್ರಿ ನೀವೆಲ್ಲ.”

“ಯಾರು ಕೆಡವಿದ್ರವ್ವ? ಯುದ್ಧದಾಗೇನು?”

“ಯಾರಿಗ್ಗೊತ್ತು. ನಿಮ್ಮಜ್ಜ ಫಿರಂಗಿ ಅಂತಿದ್ದ. ನಿಮ್ಮಜ್ಜಿ, ಮಂದಿ ಮನಿ ಕಟ್ಟಲಾಕ ಕಲ್ಲು ಒಯ್ದಾರ ಅಂತಿದ್ದಳು. ನಮ್ಮನಿ ಪಾಯಾನೂ ಅದೇ ಕಲ್ಲಂತ.”

ಊಟದ ಡಬ್ಬಿ ಮುಚ್ಚಿ ಮತ್ತೆ ಮಾಡೆಲ್ ಮುಂದೆ ಕೂತೆ. ಶತ್ರು ಒಡೆದದ್ದೋ, ನಾವೇ ಒಡೆದದ್ದೋ? ಬಾಗಿಲೆಂದು ಇಷ್ಟು ವರ್ಷ ಗೆಳೆಯರಿಗೆಲ್ಲ ಬಣ್ಣಿಸಿದ್ದು ಬರೀ ಬಿದ್ದ ಗೋಡೆಯನ್ನೇ?

“ಮಾಡೆಲ್‌ನಲ್ಲಿ ಬಿದ್ದ ಗೋಡೆ ತೋರಿಸ್ಲಾ ಮೇಡಂ?”

“ಬೇಡ. ಆಗ ಹೇಗಿತ್ತೋ ಹಾಗೆ ಮಾಡಿ.”

“ಆಗ ಅಂದ್ರೆ ಯಾವಾಗ?”

ಮೇಡಂ ನಕ್ಷೆಯನ್ನು ತಮ್ಮತ್ತ ಎಳೆದುಕೊಂಡರು. “ಯಾದವರು, ಬಹಮನಿಗಳು, ಆದಿಲ್ ಶಾಹಿಗಳು, ಎಲ್ಲರ ಕೈನೂ ಇದೆ ಅದರಲ್ಲಿ... ಮುಚ್ಚಿಬಿಡಿ.”

ನಮ್ಮ ಓಣಿಯ ಕಡೆ ಗೋಡೆಯಲ್ಲಿ ಬಿಟ್ಟಿದ್ದ ಸಂದನ್ನು ಮುಚ್ಚಿದೆ. ಅಂಟು ಒಣಗಿದ ಮೇಲೆ ಸಂದು ಎಲ್ಲಿತ್ತೆಂದು ನನಗೇ ಗುರುತು ಸಿಗಲಿಲ್ಲ.

ದೀಪಾವಳಿಗೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್ ಹತ್ತಿರದ ನನ್ನ ರೂಮಿಗೆ ಬೀಗ ಹಾಕಿ ಊರಿಗೆ ಹೋದೆ. ಮೊದಲ ಸಲ ನಿಜವಾದ ಬಾಗಿಲಿಂದ ಹತ್ತಿದೆ. ಎರಡನೇ ತಿರುವಿನಲ್ಲಿ ಎದುರಿಗೆ ಬರೀ ಗೋಡೆ. ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಮೇಕೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಕೇಳಿದಳು: “ಯಾವೂರವ್ರಿ ನೀವು?”

ಇದೇ ಊರು ಅನ್ನಲು ನಾಚಿಕೆಯಾಯಿತು. “ಬೆಂಗಳೂರು,” ಅಂದುಬಿಟ್ಟೆ.

ಅವಳು ಎಡಕ್ಕೆ ಕೈ ತೋರಿಸಿದಳು.