ಅವಸರ ಕೇಳಿಸಿಕೊಂಡ ಕಿವಿ

ಗದಗ ಜಿಲ್ಲೆಯಾದ ಮರುವರ್ಷ ಬೆಟಗೇರಿಯ ಅಬ್ದುಲಗನಿಯವರ ಮಗಳು ಮೆಹನಾಜಳಿಗೆ ನೇಮಕದ ಪತ್ರ ಬಂತು. ಮುಂಡರಗಿಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕಾಯಂ ಕೆಲಸ. ಸೋಮವಾರ ಹತ್ತು ಗಂಟೆಯೊಳಗೆ ಹಾಜರಾಗದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ.

ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಅವಳು ಅಪ್ಪನ ತಬಲಾ ಅಂಗಡಿಯಲ್ಲೇ ಇದ್ದಳು. ಅಪ್ಪನ ಬೆರಳು ನಡುಗಲು ಹತ್ತಿದ ಮೇಲೆ ತಬಲಾದ ನಡುವಿನ ಕಪ್ಪು ವೃತ್ತ, ಅಂದರೆ ಶಾಯಿ, ಹಾಕುತ್ತಿದ್ದವಳು ಅವಳೇ. ಅವಳು ಬರೀ ಅಂಟು ಕಲಸುತ್ತಾಳೆ ಎಂದೇ ಗಿರಾಕಿಗಳು ತಿಳಿದಿದ್ದರು. ಹೆಣ್ಣಿನ ಕೈ ಎಂದು ಗೊತ್ತಾದ ದಿನ ಅವರು ಉಳಿಯುತ್ತಾರೋ ಇಲ್ಲವೋ ಯಾರು ಬಲ್ಲರು?

ಹಿಟ್ಟಿನ ಅಂಟಿಗೆ ಕಬ್ಬಿಣದ ಪುಡಿ ಕಲಸಿ, ತೆಳ್ಳಗೆ ಬಳಿದು, ಒಣಗುವತನಕ ಕರಿಗಲ್ಲಿನಿಂದ ತಿಕ್ಕಬೇಕು. ಮತ್ತೊಂದು ಪದರ, ಮತ್ತೆ ತಿಕ್ಕು. ದುಂಡನೆಯ ತೊಗಲಿನಿಂದ ಹುಟ್ಟುವ ನಾದಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದು ಅವಳು ಕಾಲೇಜಿನಲ್ಲಿ ಓದಿದ್ದಳು. ಓದಿ ಮನೆಗೆ ಬಂದರೆ ಅಂಥದೇ ಆಡಿನ ತೊಗಲು ಶಾಯಿ ಹೊತ್ತು ಷಡ್ಜದಲ್ಲಿ ಹಾಡುತ್ತಿತ್ತು! ಚದುರಿದ ನಾದಗಳನ್ನು ಸಾಲಾಗಿ ನಿಲ್ಲಿಸಿದ ಆ ಅಕ್ಷರ ಬಾರದ ಕೈಗಳ ಬಗ್ಗೆ ಮೂರು ವರ್ಷದ ಪಾಠದಲ್ಲಿ ಒಂದು ಸಾಲೂ ಇರಲಿಲ್ಲ.

ಎದುರಿನ ಕಿರಾಣಿ ಅಂಗಡಿಯ ವಿರೂಪಾಕ್ಷಪ್ಪ ಅಣಕಿಸುತ್ತಿದ್ದ: "ಏನವಾ, ಓದದ ಆಡೂ ನಿಮ್ಮ ಅಂಗಡಿಗೇ ಬರತೈತಿ, ಓದಿದ ನೀನೂ ಇಲ್ಲೇ ಕುಂತಿ."

ಅವನ ಮನೆಯ ಭಜನೆಗೆ ತಬಲಾ ಬೇಕು. ತೊಗಲು ಮುಟ್ಟಿದವರಿಗೆ ಚಹಾ ಕೊಡುವಾಗ ಲೋಟ ಬೇರೆ. ಇಂಥವರ ಭಜನೆಯನ್ನು ಯಾವ ದೇವರು ಕೇಳಬೇಕು?

ಭಾನುವಾರ ಸಕ್ರಪ್ಪ ಮಾಸ್ತರರು ತಮ್ಮ ತಬಲಾ ಒಯ್ಯಲು ಬಂದರು. ಹುಟ್ಟಿನಿಂದ ಕಣ್ಣಿಲ್ಲದವರು, ನಲವತ್ತು ವರ್ಷದಿಂದ ತಬಲಾ ಕಲಿಸುತ್ತಿರುವವರು. ತೋರುಬೆರಳಿನಿಂದ ಒಂದೇ ಪೆಟ್ಟು ಕೊಟ್ಟರು. ಬೀದಿಯ ಗದ್ದಲದ ಮೇಲೆ ನಾದ ತೇಲಿ ನಿಂತಿತು.

"ಯಾರ ಕೈ ಇದು, ಗನಿಸಾಬ?"

"ನಂದ ರೀ ಮಾಸ್ತರ."

"ಸುಳ್ಳ ಹೇಳಬ್ಯಾಡ. ಎರಡು ವರ್ಷಾತು, ನಿಂದಲ್ಲ."

"ನಂದು ರೀ," ಎಂದಳು ಮೆಹನಾಜ.

ಮಾಸ್ತರರು ಕಿವಿ ತಗ್ಗಿಸಿ ಮತ್ತೊಮ್ಮೆ ಬಾರಿಸಿದರು. "ಚಲೋ ಐತಿ ತಂಗಿ. ಆದರ ಕೆಳಗಿನ ಒಂದು ಪದರ ಹಸಿ ಇದ್ದಾಗನ ಮ್ಯಾಲಿಂದು ಹಾಕೀದಿ. ಎಲ್ಲಿಗಾದ್ರೂ ಹೋಗೋ ಅವಸರ ಇತ್ತೇನು?"

ಮೆಹನಾಜ ಶಾಯಿಯ ಮೇಲೆ ಬೆರಳಾಡಿಸಿದಳು. ಪತ್ರ ಬಂದ ಶುಕ್ರವಾರ ಒಂದು ಪದರವನ್ನು ಅವಳು ಅರ್ಧಕ್ಕೇ ತಿಕ್ಕಿ ಬಿಟ್ಟಿದ್ದು ನಿಜ. ಕೂದಲೆಳೆಯಷ್ಟು ತಪ್ಪು. ಯಾವ ಪ್ರಯೋಗಾಲಯದ ಯಂತ್ರ ಅದನ್ನು ಹಿಡಿದೀತು? ಅವಳ ಮನಸ್ಸಿನ ಓಡಾಟ ತೊಗಲಿನೊಳಗೆ ಹೋಗಿ ಕೂತಿತ್ತು. ಮಾಸ್ತರರು ಅದನ್ನು ಒಂದು ಬೆರಳಿನಿಂದ ಹೊರಗೆಳೆದಿದ್ದರು.

"ಇರಲಿ ಬಿಡು, ಕಲಿಯೋ ಹುಡುಗೂರು ಬಾರಸೋದು, ನಡೀತೈತಿ," ಎಂದರು ಮಾಸ್ತರರು.

"ನಡಿಯೂದಿಲ್ರಿ. ಗುರುವಾರ ಬರ್ರಿ," ಎಂದು ಅವಳು ಅವರ ತೊಡೆಯ ಮೇಲಿನಿಂದ ತಬಲಾ ಎತ್ತಿಕೊಂಡಳು.

ಸೋಮವಾರ ಮುಂಡರಗಿಯ ಬಸ್ಸು ಹೋಗುವ ಹೊತ್ತಿಗೆ ಅವಳು ಹಳೆಯ ಶಾಯಿ ಪೂರ್ತಿ ಕೆರೆದು ಮೊದಲ ಪದರ ಬಳಿಯುತ್ತಿದ್ದಳು.

"ಎಂಟು ಬಡೀತು, ಬೇಟಿ," ಎಂದರು ಅಬ್ದುಲಗನಿ. "ಕಾಯಂ ಕೆಲಸ ಅದು."

"ಹಸಿ ಐತಿ ಅಬ್ಬಾ, ಈಗ ಏಳಾಕ ಬರೂದಿಲ್ಲ."

ಶಾಯಿ ಹಾಕುವವಳು ಮೆಹನಾಜ ಎಂಬ ಸುದ್ದಿ ಹಬ್ಬಿತು. ಬುಧವಾರದೊಳಗೆ ಇಬ್ಬರು ಹಳೆಯ ಗಿರಾಕಿಗಳು ತಮ್ಮ ತಬಲಾ ವಾಪಸ್ಸು ಒಯ್ದರು. ಗುರುವಾರ ಮಾಸ್ತರರು ಬಂದು ಒಂದು ಪೆಟ್ಟು ಕೊಟ್ಟರು, ನಾದ ಪೂರ್ತಿ ಆರುವತನಕ ಕೇಳಿದರು. ಹೆಗಲಿನ ಚೀಲದಿಂದ ಇನ್ನೊಂದು ತಬಲಾ ತೆಗೆದು ಅವಳ ಮುಂದಿಟ್ಟರು.