ಸುಮನ ಕಾಕುವಿನ ಹನ್ನೊಂದು ಮಂದಿ

ನಮ್ಮ ಐನಾಪುರದಲ್ಲಿ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆಯುವ ಗಂಡಸರು ಬೇಕಾದಷ್ಟಿದ್ದರು, ಹೆಂಗಸು ಒಬ್ಬಳೇ. ಆಕೆ ನನ್ನ ಸುಮನ ಕಾಕು, ಅಪ್ಪನ ತಮ್ಮನ ಹೆಂಡತಿ. ಸೆರಗು ಸೊಂಟಕ್ಕೆ ಬಿಗಿದು ದ್ರಾಕ್ಷಿ ತೋಟದ ಬದುವಿನ ಮೇಲೆ ನಿಂತು ಅವಳು ಒಂದು ಶಿಟ್ಟಿ ಹಾಕಿದಳೆಂದರೆ ಆಚೆ ಕಬ್ಬಿನೊಳಗಿದ್ದ ಆಳುಗಳು ಬುತ್ತಿಗೆ ಬರುತ್ತಿದ್ದರು. ಒಮ್ಮೆ ರಸ್ತೆಯ ಮೇಲೆ ಹೊರಟಿದ್ದ ಕಾಗವಾಡದ ಬಸ್ಸೇ ನಿಂತುಬಿಟ್ಟಿತ್ತು. ಕಂಡಕ್ಟರು ಬಾಗಿಲಿನಿಂದ ಇಣುಕಿ, "ಬಾಯಾರ, ನಿಲ್ಲಸೂದ ನಿಲ್ಲಸೀರಿ, ಈಗ ಎರಡ ಹೊಡದ ಬಿಡ್ರಿ, ಹೋಗತೇವಿ" ಎಂದು ಕೈಮುಗಿದಿದ್ದ. ಕಾಕು ಎರಡು ಹೊಡೆದಳು. ಬಸ್ಸು ಹೋಯಿತು.

ಅವಳು ಹುಟ್ಟಿ ಬೆಳೆದದ್ದು ಕೊಲ್ಹಾಪುರದ ಒಂದು ಪೇಟೆಯಲ್ಲಿ. ಅಲ್ಲಿ ಓಣಿಗೊಂದು ತಾಲೀಮು, ಅಂದರೆ ಗರಡಿಮನೆ; ತಾಲೀಮಿಗೊಂದು ಫುಟ್‌ಬಾಲ್ ತಂಡ. ಅವಳ ಅಣ್ಣಂದಿರೆಲ್ಲ ಆಡಿದವರೇ. ಅವರಲ್ಲೊಬ್ಬ ಗೋವಾಕ್ಕೆ ಹೋಗಿ ಮಡಗಾಂವದ ಒಂದು ಕ್ಲಬ್ಬಿನಲ್ಲಿ ಗೋಲ್‌ಕೀಪರನಾಗಿದ್ದ. "ನಮ್ಮಣ್ಣ ಗೋವಾದಾಗ ಇರೂತನಕ ಒಂದ ಗೋಲೂ ಬಿಟ್ಟಿಲ್ಲ" ಎಂದು ಕಾಕು ಎದೆಯುಬ್ಬಿಸಿ ಹೇಳುತ್ತಿದ್ದಳು. ಅವನು ಆ ಹಂಗಾಮೆಲ್ಲ ಬೆಂಚಿನ ಮೇಲೆ ಕುಳಿತೇ ಇದ್ದ, ಒಮ್ಮೆಯೂ ಅಂಗಳಕ್ಕೆ ಇಳಿಯಲಿಲ್ಲ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಅಣ್ಣ ಮನೆಗೆ ಮರಳಿದ; ಕಾಕುವಿನ ಮನಸ್ಸು ಆ ಕ್ಲಬ್ಬಿನಲ್ಲೇ ಉಳಿಯಿತು. ಲಗ್ನವಾಗಿ ನಮ್ಮ ಊರಿಗೆ ಬರುವಾಗ ಅದನ್ನೂ ಜೊತೆಗೇ ತಂದಳು.

ನಮ್ಮ ಕಾಕಾ ಕ್ರಿಕೆಟ್ಟಿನವರು, ಮಿತಭಾಷಿ. ಮನೆಯ ದೊಡ್ಡ ಟಿವಿ ಅವರದು ಮತ್ತು ನಮ್ಮದು. ಜಗಳ ಬೇಡವೆಂದು ಅವರೇ ಒಂದು ಸಣ್ಣ ಟಿವಿ ತಂದು ಅಡುಗೆಮನೆಯ ಮಗ್ಗುಲ ಕೋಣೆಯಲ್ಲಿ, ಜೋಳದ ಚೀಲಗಳ ಮೇಲೆ ಇಟ್ಟುಕೊಟ್ಟಿದ್ದರು. ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಪಂದ್ಯ ಬಂದ ದಿನ ಕಾಕು ಸೊಪ್ಪು ಸೋಸುವುದು, ಅಕ್ಕಿ ಆರಿಸುವುದು ಎಲ್ಲ ಅಲ್ಲೇ. ಅವಳ ಪಾಲಿಗೆ ಲೀಗೆಂದರೆ ಒಂದು ದೊಡ್ಡ ಅವಿಭಕ್ತ ಕುಟುಂಬ. ಕೋಲ್ಕತ್ತಾದ ಎರಡು ಹಳೆಯ ಕ್ಲಬ್ಬುಗಳು "ವಾರಗಿತ್ತ್ಯಾರು, ಒಂದ ಮನ್ಯಾಗ ಉಂಡ ಒಬ್ಬರ ಮಾರಿ ಒಬ್ಬರ ನೋಡೂದಿಲ್ಲ." ಪಂಜಾಬಿನ ತಂಡ ಪೈಲವಾನರದು: "ಚೆಂಡ ಬಿಟ್ಟ ಮಂದೀನs ಒದೀತಾರ." ಬೆಂಗಳೂರಿನ ಕಾರ್ಖಾನೆಯ ತಂಡದವರು ಸರಕಾರಿ ಮಂದಿ: "ಐದ ಹೊಡೀತಿದ್ದಂಗ ಆಟಾ ಬಿಟ್ಟ ಮನೀಗಿ ಹೋಗಾಂವ್ರು." ತನ್ನ ಗೋವಾದವರು ಮಾತ್ರ ತವರಿನವರು. ಅವರು ಸೋತರೆ ಆ ದಿನ ಪಲ್ಯಕ್ಕೆ ಉಪ್ಪು ಬೀಳುತ್ತಿರಲಿಲ್ಲ. ಗೆದ್ದರೆ ಎರಡು ಸಲ ಬೀಳುತ್ತಿತ್ತು.

ಲೀಗಿನ ಕೊನೆಗೆ ತಳದಲ್ಲಿ ಉಳಿದ ತಂಡಗಳು ಕೆಳಗಿನ ದರ್ಜೆಗೆ ಇಳಿಯುತ್ತವೆ ಎಂಬ ನಿಯಮವನ್ನು ಅವಳು ಒಮ್ಮೆ ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ವಿವರಿಸಿದಳು. ಅವರು ಬಹಳ ಹೊತ್ತು ತಲೆದೂಗಿ, ಗ್ರಾಮ ಪಂಚಾಯಿತಿಗೂ ಇದನ್ನು ತರಬೇಕೆಂದು ತೀರ್ಮಾನಿಸಿದರು. ಆಗಿನ ಅಧ್ಯಕ್ಷರು ಕಾಕುವಿನೊಡನೆ ಆಮೇಲೆ ಮಾತಾಡಲಿಲ್ಲ.

ಒಂದು ವರ್ಷ ಅವಳ ಗೋವಾದವರಿಗೇ ಆ ಗತಿ ಬಂತು. ಕೊನೆಯ ಪಂದ್ಯ, ಎದುರಾಳಿ ಹಿರಿಯ ವಾರಗಿತ್ತಿ. ಗೆದ್ದರೆ ಉಳಿದರು, ಇಲ್ಲವಾದರೆ ಕೆಳಗಿಳಿದರು. ಪಂದ್ಯವಿದ್ದ ಆ ಭಾನುವಾರವೇ ಕಾಕುವಿನ ಮಗಳು ಸವಿತಾಳನ್ನು ನೋಡಲು ಅಕ್ಕೋಳದಿಂದ ಬೀಗರು ಬರುವವರಿದ್ದರು. ಒಳ್ಳೆಯ ಮನೆ, ನೌಕರಿಯಲ್ಲಿದ್ದ ಹುಡುಗ. ಸವಿತಾಳಿಗೂ ಫೋಟೋ ಮನಸ್ಸಿಗೆ ಬಂದಿತ್ತು.

"ಅಹೋ, ಬ್ಯಾರೆ ದಿನಾ ಹೇಳ್ರಿ ಅವರಿಗೆ" ಎಂದಳು ಕಾಕು.

"ಏನಂತ ಹೇಳ್ಲಿ?" ಎಂದರು ಕಾಕಾ.



ಬೀಗರು ಬಂದರು. ಹುಡುಗ, ದಪ್ಪ ಮೀಸೆಯ ಅವನ ಅಪ್ಪ, ಕೋಲೂರಿಕೊಂಡು ಬಂದ ಅಜ್ಜಿ. ಕಾಕು ನಮಸ್ಕಾರ ಮಾಡಿ, "ಒಳಗ ಒಲಿ ಮ್ಯಾಲ ಇಟ್ಟ ಬಂದೇನ್ರಿ" ಎಂದು ಮಾಯವಾದಳು. ಸವಿತಾ ಅವಲಕ್ಕಿ, ಚಹಾ ತಂದಿಟ್ಟು ಕುಳಿತಳು. ನಾನು ಕಾಕಾನ ಪಕ್ಕದಲ್ಲಿದ್ದೆ.

"ಹುಡುಗಿಗೆ ಅಡಗಿ ಎಲ್ಲಾ ಬರತೈತಿ ಹೌದಲ್ರಿ?" ಎಂದು ಮೀಸೆಯವರು ಕೇಳಿದರು. ಒಳಗಿನಿಂದ ಶಿಟ್ಟಿ ಬಂತು, ಮನೆಯ ಹಂಚು ಹಾರುವ ಹಾಗೆ.

ಹುಟ್ಟಿದಾಗಿನಿಂದ ಸುಳ್ಳು ಹೇಳದ ನಮ್ಮ ಕಾಕಾ ಚಹಾ ಗುಟುಕರಿಸಿ, "ಕುಕ್ಕರ್ ರೀ" ಎಂದರು.

ತುಸು ಹೊತ್ತಿಗೆ ಒಳಗೆ ತಾಟೊಂದು ಬಿದ್ದ ಸದ್ದು. "ಬೆಕ್ಕ ರೀ" ಎಂದರು ಕಾಕಾ. ನನಗೆ ಅರ್ಥವಾಯಿತು: ಶಿಟ್ಟಿ ನಮ್ಮ ಗೋಲು, ತಾಟು ಅವರದು. ಆಮೇಲೆ ಇನ್ನೊಂದು ಶಿಟ್ಟಿ. ಅದರ ಬೆನ್ನಿಗೇ ಇನ್ನೊಂದು ತಾಟು. ಸಮ ಸಮ.

ಮಾತು ಸೋದರಮಾವಂದಿರ ಊರಿಗೆ, ಅಲ್ಲಿಂದ ತಂಬಾಕಿನ ಬೆಳೆಗೆ ಹೋಯಿತು. ಕಾಕಾನಿಗೆ ಮಾತ್ರ ಮಾತಿನ ಮೇಲೆ ಲಕ್ಷ್ಯವಿರಲಿಲ್ಲ. ಕಾಲು ಅಲ್ಲಾಡಿಸುತ್ತ ಒಳಗಿನ ಬಾಗಿಲನ್ನೇ ನೋಡುತ್ತಿದ್ದರು.

"ಎರಡ ಶಿಟ್ಟಿ ಆದ್ವಲ್ರಿ," ಎಂದರು ಮೀಸೆಯವರು. "ನಿಮ್ಮನ್ಯಾಗ ಬ್ಯಾಳಿಗೆ ಎಷ್ಟ ಬೇಕು?"

"ಮೂರ ಆಗಬೇಕ್ರಿ. ಇಲ್ಲಂದ್ರ ಕೆಳಗ ಹೋಗತೈತ್ರಿ."

"ಏನ್ ಕೆಳಗ ಹೋಗತೈತಿ?"

ಕಾಕಾ ಬೆವರು ಒರೆಸಿಕೊಂಡರು. "ಬ್ಯಾಳಿ ರೀ. ತಳಾ ಹಿಡೀತೈತಿ ಅಂದೆ."

ಆಗ ಮೂರನೆಯದು ಬಂತು. ಉದ್ದನೆಯ, ಉಸಿರು ಮುಗಿಯುವವರೆಗಿನ ಶಿಟ್ಟಿ. ಫುಟ್‌ಬಾಲೆಂದರೆ ಮೂಗು ಮುರಿಯುತ್ತಿದ್ದ ಕಾಕಾ ಕುರ್ಚಿಯಿಂದ ಎದ್ದೇ ನಿಂತು, "ಉಳೀತು!" ಎಂದು ಕೂಗಿದರು. ಚಹಾದ ಬಟ್ಟಲು ಉರುಳಿತು.

ಬೀಗರೆಲ್ಲ ಕಾಕಾನನ್ನೇ ನೋಡಿದರು. ಅಜ್ಜಿ ಮಾತ್ರ ಸಮಾಧಾನದಿಂದ, "ಬ್ಯಾಳಿ ಅಷ್ಟ ಚಲೋ ಕುದ್ದಿದ್ರ ತುಸು ಸಾರ ಕುಡದs ಹೋಗೂಣಲ್ಲ" ಎಂದಳು.

ಒಲೆಯ ಮೇಲೆ ಚಹಾದ ಪಾತ್ರೆಯ ಹೊರತು ಏನೂ ಇರಲಿಲ್ಲ. ಕಾಕಾ ನನ್ನ ಮುಖ ನೋಡಿದರು, ನಾನು ಸವಿತಾಳ ಮುಖ ನೋಡಿದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟರಲ್ಲಿ ಕಾಕು ಹೊರಗೆ ಬಂದಳು. ಗೆದ್ದ ಕಳೆ ಮುಖದಿಂದ ಇನ್ನೂ ಇಳಿದಿರಲಿಲ್ಲ; ಅಜ್ಜಿಯ ಮುಂದೆ ಬಂದು ಕೈಮುಗಿದಳು.

"ಬ್ಯಾಳಿ ಇಲ್ರಿ, ಆಯಿ. ಕುಕ್ಕರೂ ಇಲ್ಲ, ಬೆಕ್ಕೂ ಇಲ್ಲ. ಎಲ್ಲಾ ನಾನs. ನಮ್ಮ ಟೀಮ್ ಇವತ್ತ ಗೆಲ್ಲದಿದ್ರ ಲೀಗಿನಿಂದ ಕೆಳಗ ಹೋಗತಿತ್ತು, ತಡಕೊಳ್ಳಾಕ ಆಗ್ಲಿಲ್ಲ. ನನ್ನ ಮಗಳಿಗೆ ಅಡಗಿ ಬರತೈತಿ, ಶಿಟ್ಟಿ ಹೊಡ್ಯಾಕ ಬರೂದಿಲ್ಲ. ಆಕೀನ್ನ ನೋಡಾಕ ಬಂದೀರಿ, ಆಕೀನ್ನs ನೋಡ್ರಿ. ನನ್ನ ನೋಡಿ ಎದ್ದ ಹೋಗಬ್ಯಾಡ್ರಿ."

ಮೀಸೆಯವರು ಮೀಸೆಯ ಮೇಲೆ ಕೈ ಇಟ್ಟು ಕುಳಿತರು. ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ಇಷ್ಟೊತ್ತ ಗಂಡಸ ಸುಳ್ಳ ಹೇಳ್ಯಾನ, ಹೆಂಗಸ ಬಂದ ಖರೇ ಹೇಳ್ಯಾಳ. ಈ ಮನೀ ಹೆಣ್ಣ ನಮಗ ಬೇಕು." ಆಮೇಲೆ ಕಾಕುವಿನ ಕಡೆ ತಿರುಗಿ, "ಯವ್ವಾ, ಒಮ್ಮೆ ನನ್ನ ಮುಂದ ಹೊಡಿ. ಹೆಂಗ ಅಂತ ನೋಡ್ತೇನಿ" ಎಂದಳು.

ಸವಿತಾಳ ಲಗ್ನ ಆ ಹುಡುಗನೊಂದಿಗೇ ಆಯಿತು. ಅವಳಿಗೆ ತಾಯಿಗಿಂತ ಜೋರಾಗಿ ಶಿಟ್ಟಿ ಹೊಡೆಯಲು ಬರುತ್ತದೆಂಬುದು ಅಕ್ಕೋಳದವರಿಗೆ ಆಮೇಲೆ ತಿಳಿಯಿತು.

ಕೆಲವು ವರ್ಷಗಳ ಬಳಿಕ ಆ ಕ್ಲಬ್ಬು ಖರ್ಚು ಪೂರೈಸದೆ ರಾಷ್ಟ್ರೀಯ ಲೀಗಿನಿಂದ ಹೊರಬಂತು, ತಂಡವನ್ನೇ ಮುಚ್ಚಿತು. ಸುದ್ದಿ ತಿಳಿದ ದಿನ ಕಾಕು ಒಲೆ ಹೊತ್ತಿಸಲಿಲ್ಲ. ಅತ್ತು ಬಾತುಕೊಂಡ ಅವಳ ಮುಖ ಕಂಡು ಓಣಿಯ ಹೆಂಗಸರು ಮಾತಾಡಿಸಲು ಬಂದರು.

"ಯಾರ ಹ್ವಾದ್ರವ್ವಾ?"

"ಗೋವಾದಾಗಿನವ್ರು. ಹನ್ನೊಂದ ಮಂದಿ."

"ಅಯ್ಯ ನಮ್ಮವ್ವಾ! ಎಕ್ಸಿಡೆಂಟ?"

ಕಾಕು ಬಿಡಿಸಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಹೆಂಗಸರು ಗೋಳಾಡಿ ಹೋದರು; ಸಂಜೆಗೆ ನಾಲ್ಕಾರು ಮನೆಗಳಿಂದ ಬುತ್ತಿಯೂ ಬಂತು. ನಾವೆಲ್ಲ ತಲೆತಗ್ಗಿಸಿ ಉಂಡೆವು.

ಅಷ್ಟೊತ್ತಿಗೆ ಟಿವಿಯಲ್ಲಿ ದೀಪ, ಪಟಾಕಿ, ಸಿನೆಮಾ ತಾರೆಯರ ಹೊಸ ಲೀಗು ಶುರುವಾಗಿತ್ತು. ಅದರಲ್ಲೊಂದು ತಂಡ ಆರಿಸಿಕೋ ಎಂದು ನಾನೇ ಹೇಳಿದೆ.

"ಗಂಡ ಸತ್ರ ಇನ್ನೊಂದ ಲಗ್ನಾ ಆಗಬಹುದೋ ತಮ್ಮಾ. ಟೀಮ್ ಹಂಗ ಬದಲಿಸಾಕ ಬರೂದಿಲ್ಲ" ಎಂದಳು.

ಪಡಸಾಲೆಯಿಂದ ಕಾಕಾ, "ನಾ ಇನ್ನೂ ಇಲ್ಲೇ ಅದೇನ್ರೆಪಾ" ಎಂದು ಕೂಗಿ ಹೇಳಿದರು.

ಕಾಕು ತೀರಿಕೊಳ್ಳುವುದಕ್ಕೆ ಒಂದು ವಾರ ಮೊದಲು ನಾನು ಅವಳನ್ನು ಮಿರಜದ ದವಾಖಾನೆಯಲ್ಲಿ ನೋಡಿದೆ. ಹಾಸಿಗೆಗೆ ಅಂಟಿಕೊಂಡಂತೆ ಆಗಿದ್ದಳು. ಪಕ್ಕದಲ್ಲಿ ಕಾಕಾ ಮರಾಠಿ ಪೇಪರು ಬಿಚ್ಚಿ ಹಿಡಿದು ಗಂಭೀರವಾಗಿ ಓದುತ್ತಿದ್ದರು: "ನಿಮ್ಮ ಗೋವಾದವರು ನಿನ್ನೆ ಗೆದ್ದಾರ. ಮೂರ–ಒಂದು." ನಾನು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಆ ಪುಟದಲ್ಲಿದ್ದದ್ದು ಬೆಲ್ಲದ ಪೇಟೆಧಾರಣೆ.

ಕಾಕಾ ಔಷಧ ತರಲು ಹೋದಾಗ ಕಾಕು ನನ್ನನ್ನು ಹತ್ತಿರ ಕರೆದಳು. "ದವಾಖಾನಿಗೆ ಬಂದಾಗಿಂದ ನಿಮ್ಮ ಕಾಕಾ ದಿನಾ ಗೆಲ್ಲಸಾಕತ್ತಾರ. ಮುಚ್ಚಿದ ಟೀಮ್, ಪಾಪ, ಎಷ್ಟಂತ ಗೆಲ್ಲಬೇಕು? ಒಮ್ಮೆರ ಸೋಲಸ್ರಿ ಅಂತ ಹೇಳೋ. ಖರೇ ಅನಸಬೇಕಲ್ಲ."

ನಾನು ವರಾಂಡದಲ್ಲಿ ಕಾಕಾನಿಗೆ ಹೇಳಿದೆ. ಅವರು ಔಷಧದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು.

ಮರುದಿನ ಬೆಳಿಗ್ಗೆ ಅವರು ಪೇಪರು ಬಿಚ್ಚಿದರು. ಒಂದು ಪುಟ ಮಗುಚಿ, "ನಿನ್ನೆ ಸೋತಾರ," ಎಂದರು. "ಎರಡ–ಒಂದು. ಕೊನೀಗಿ ಪೆನಾಲ್ಟಿ ಕೊಟ್ಟನಂತ."

ಕಾಕು ಮೊಣಕೈ ಊರಿ ಏಳಲು ನೋಡಿದಳು.

"ಯಾವ ಭಾಡ್ಯಾ ಇದ್ದ ರೆಫ್ರಿ?"