ಎಡಗೈ ವೀಳ್ಯ

ಹೋದ ವಾರ ಮೊಮ್ಮಗ ಪೇಪರು ಹಿಡಿದುಕೊಂಡು ಬಂದು ನನ್ನ ಮುಂದೆ ಕೂತು ಓದಿದ. ನಮ್ಮ ನಾಡಿನಲ್ಲಿ ಈಗ ಪಿಚ್ಚರ್ ತೆಗೆಯುವ ಕಂಪನಿಗಳು ಹೆಚ್ಚುತ್ತಿವೆಯಂತೆ, ಇನ್ನು ಮುಂದೆ ಎಲ್ಲದಕ್ಕೂ ಮದ್ರಾಸಿಗೆ ಓಡಬೇಕಾಗಿಲ್ಲವಂತೆ, ಅಂಥ ಕಂಪನಿಯವರು ಯಾರೋ ಕುರುಗೋಡಿನ ಬಸವೇಶ್ವರ ಗುಡಿಯನ್ನೂ ನೋಡಿಕೊಂಡು ಹೋದರಂತೆ. ಕುರುಗೋಡಿಗೆ ಕ್ಯಾಮೆರಾ ಬರುವುದು ಇದೇ ಮೊದಲು ಎಂದು ಹುಡುಗ ದೊಡ್ಡ ಮನುಷ್ಯನ ಹಾಗೆ ಹೇಳಿದ. ನನಗೆ ಸಿಟ್ಟು ಬಂತು. ಇವನ ಅಪ್ಪ ಹುಟ್ಟುವುದಕ್ಕೂ ಎಷ್ಟೋ ವರ್ಷ ಮುಂಚೆ, ಬಳ್ಳಾರಿಯ ದಂಡಿನಲ್ಲಿ ಬಿಳಿಯರು ಕಹಳೆ ಊದುತ್ತಿದ್ದ ಕಾಲದಲ್ಲಿ, ಕುರುಗೋಡಿನ ನನ್ನ ತವರುಮನೆಯ ಅಂಗಳದಲ್ಲೇ ಪಿಚ್ಚರ್ ತೆಗೆದಿದ್ದರು. ಅದರಿಂದ ನನ್ನ ಮದುವೆಗೇ ಕುತ್ತು ಬಂದಿತ್ತು. ಪೇಪರಿನವರಿಗೆ ಇದೆಲ್ಲ ಯಾರು ಹೇಳಬೇಕು?

ತೆಗೆದವನು ಮುಂಬೈಯವನೂ ಅಲ್ಲ, ಮದ್ರಾಸಿನವನೂ ಅಲ್ಲ, ಬಳ್ಳಾರಿಯ ತಗಡಿನ ಕೆಲಸದವನು. ಅಪ್ಪ ಹತ್ತಿ ಮಾರಲು ಬಳ್ಳಾರಿಗೆ ಹೋದಾಗಲೆಲ್ಲ ಅವನ ಅಂಗಡಿಯ ಕಟ್ಟೆಯ ಮೇಲೆ ಒಂದು ಗಳಿಗೆ ಕೂತು ಬರುತ್ತಿದ್ದ. ಇಬ್ಬರಿಗೂ ಅಷ್ಟು ಸ್ನೇಹ. ನಾವು ಮಕ್ಕಳು ಅವನನ್ನು ಚಾಚಾ ಎನ್ನುತ್ತಿದ್ದೆವು. ಲಾಟೀನು, ಡಬ್ಬಿ ಮಾಡಿಕೊಂಡು ತನ್ನ ಪಾಡಿಗೆ ತಾನಿದ್ದ ಮನುಷ್ಯ. ಊರೂರು ತಿರುಗಿ ಪಿಚ್ಚರ್ ತೋರಿಸುತ್ತಿದ್ದ ಮುಂಬೈಯವನೊಬ್ಬ ಬಳ್ಳಾರಿಯಲ್ಲಿ ಜ್ವರ ಬಂದು ಮಲಗಿದ, ಈ ಗೋಳು ಸಾಕೆಂದು ತನ್ನ ಯಂತ್ರವನ್ನು ಮಾರಿದ, ಇವನು ಕೊಂಡುಬಿಟ್ಟ. ಚಾಚಾನ ಹೆಂಡತಿ ಒಂದು ಮಳೆಗಾಲ ಪೂರ್ತಿ ಅವನ ಜೊತೆ ಮಾತು ಬಿಟ್ಟಳು.

ಅದು ತೆಗೆಯುವ ಯಂತ್ರವೂ ಹೌದು, ತೋರಿಸುವ ಯಂತ್ರವೂ ಹೌದು. ರೀಲು ತೊಳೆಯುವ ತೊಟ್ಟಿಗಳನ್ನು ಚಾಚಾ ತಾನೇ ತಗಡು ಬಗ್ಗಿಸಿ ಮಾಡಿಕೊಂಡ, ಕೆಡಿಸಿ ಕೆಡಿಸಿ ಕಲಿತ. ಬಿಳಿಯರ ರೈಲು, ಬಿಳಿಯರ ಕುದುರೆ ನೋಡಿ ನೋಡಿ ಜನಕ್ಕೆ ಸಾಕಾಗಿದೆ, ನಮ್ಮವರು ನಮ್ಮವರನ್ನು ನೋಡಬೇಕು, ಬಳ್ಳಾರಿಯಲ್ಲೇ ಪಿಚ್ಚರ್ ತಯಾರಾಗಿ ಮುಂಬೈಗೆ ಹೋಗಬೇಕು ಎಂಬ ಹುಚ್ಚು ಅವನಿಗೆ ಹಿಡಿದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಎಂದು ಅಪ್ಪ ಅವನನ್ನು ಕಾಡಿಸುತ್ತಿದ್ದ.

ಆ ಹೊತ್ತಿಗೆ ನನ್ನನ್ನು ಸಿರುಗುಪ್ಪದ ಮನೆಯೊಂದಕ್ಕೆ ಗೊತ್ತು ಮಾಡಿದ್ದರು. ಅಪ್ಪ ಮೊದಲು ಒಲ್ಲೆ ಎಂದಿದ್ದ. ಸಿರುಗುಪ್ಪ ದೂರ, ಮಗಳ ಮುಖ ನೋಡಬೇಕೆಂದರೆ ಒಂದು ದಿನ ಗಾಡಿ ಹೊಡೆಯಬೇಕು ಎಂಬುದಷ್ಟೇ ಅವನ ತಕರಾರು. ಆ ಮಾತು ಸಿರುಗುಪ್ಪ ಮುಟ್ಟುವಷ್ಟರಲ್ಲಿ ಅದಕ್ಕೆ ರೆಕ್ಕೆ ಪುಕ್ಕ ಬಂದು, ಅವರ ಮನೆತನ ನಮಗೆ ಸಾಟಿಯಲ್ಲ ಎಂದನಂತೆ ಎಂದಾಗಿತ್ತು. ಗಂಡಿನ ತಾಯಿ ಅದನ್ನು ನುಂಗಿಕೊಂಡೇ ಒಪ್ಪಿದ್ದಳು. ನುಂಗಿದ್ದು ಅರಗಿರಲಿಲ್ಲ. ಹುಡುಗನನ್ನು ನಾನು ಒಂದೇ ಸಲ ನೋಡಿದ್ದೆ. ನನಗೆ ಒಪ್ಪಿಗೆಯಾಗಿತ್ತು, ಆದರೆ ನನ್ನನ್ನು ಯಾರು ಕೇಳುತ್ತಾರೆ?

ಹೆಣ್ಣು ಗಟ್ಟಿ ಮಾಡುವ ವೀಳ್ಯದ ಶಾಸ್ತ್ರದ ದಿನ ಚಾಚಾ ಯಂತ್ರ ಹೊತ್ತು ತಂದು, ಅಗಸಿ ಬಾಗಿಲ ಹತ್ತಿರ ಮನೆಯ ಕಡೆ ಮುಖ ಮಾಡಿ ಇಟ್ಟ. ಅವನಿಗೆ ಬಿಸಿಲು ಬೇಕು, ಅದಕ್ಕಾಗಿ ಪಡಸಾಲೆಯಲ್ಲಿ ಆಗಬೇಕಿದ್ದ ಶಾಸ್ತ್ರ ಅಂಗಳಕ್ಕೆ ಬಂತು. ಅಂಗಳಕ್ಕೆ ಬಂದ ಮೇಲೆ ಹೆಂಗಸರಿಗೆ ಅಲ್ಲೇನು ಕೆಲಸ? ಗಂಡಿನ ತಾಯಿಯೂ ನಮ್ಮ ಜೊತೆ ಒಳಗೇ ಉಳಿದಳು. ಬಾಗಿಲ ಸಂದಿಯಿಂದ ಆಕೆ ಕತ್ತು ಚಾಚಿ ನೋಡಿದ್ದು ನನಗೆ ನೆನಪಿದೆ. ಗಂಡಸರ ಬೆನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅಂಗಳದಲ್ಲಿ ಬೀಗರು, ಅಂದರೆ ಗಂಡಿನ ತಂದೆ, ಎರಡೂ ಕೈಯಿಂದ ಶಲ್ಯ ಒಡ್ಡಿದರು, ಅಪ್ಪ ಅದರಲ್ಲಿ ವೀಳ್ಯ ಹಾಕಿದ. ಚಾಚಾ ಹಿಡಿಕೆ ತಿರುವಿದ್ದು ಒಂದು ಸಲ ಎಲೆ ಅಡಿಕೆ ಮಡಿಚಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಮಾತ್ರ.

ಮದುವೆಗೆ ಹದಿನೈದು ದಿನ ಇರುವಾಗ ಚಾಚಾ ಆ ಪಿಚ್ಚರನ್ನು ಬಳ್ಳಾರಿಯಲ್ಲಿ ತೋರಿಸಿದ. ಹಂಗಾಮು ಮುಗಿದು ಖಾಲಿ ಬಿದ್ದಿದ್ದ ಹತ್ತಿಯ ಗೋದಾಮು, ಕಿಟಕಿಗಳಿಗೆಲ್ಲ ಗೋಣಿಚೀಲ, ನಡು ಮಧ್ಯಾಹ್ನವೇ ಒಳಗೆ ಕತ್ತಲು. ಎರಡೂ ಮನೆಯವರಿಗೆ ಹೇಳಿಕಳಿಸಿದ್ದ. ನಾವು ಕುರುಗೋಡಿನಿಂದ, ಅವರು ಸಿರುಗುಪ್ಪದಿಂದ ಗಾಡಿ ಕಟ್ಟಿಕೊಂಡು ಬಂದೆವು. ಗೋದಾಮಿನ ನಡುವೆ ಒಂದು ಬಿಳಿ ಪರದೆ. ಆ ಕಡೆ ಯಂತ್ರ ಮತ್ತು ಗಂಡಸರು, ಈ ಕಡೆ ಹೆಂಗಸರು. ಪರಗಂಡಸರ ಕಣ್ಣಿಗೆ ಬೀಳದ ಗೋಷಾದ ಮನೆಗಳವರೂ ಬರಲಿ ಎಂದು ಚಾಚಾ ಮಾಡಿದ ಏರ್ಪಾಡು ಅದು. ಪರದೆಗೆ ನೀರು ಎರಚಿ ನೆನೆಸುತ್ತಿದ್ದರು, ನೆನೆದ ಬಟ್ಟೆಯಲ್ಲಿ ಚಿತ್ರ ಎರಡೂ ಕಡೆಗೆ ಕಾಣುತ್ತಿತ್ತು. ಹಿಂದಿನಿಂದ ನೋಡಿದರೆ ಏನಾಗುತ್ತದೆ ಎಂದು ಅಲ್ಲಿಯವರೆಗೆ ಯಾರೂ ಯೋಚಿಸಿರಲಿಲ್ಲ, ಚಾಚಾ ಕೂಡ.

ನಾನು ಅವ್ವನ ಬೆನ್ನ ಹಿಂದೆ ಸೆರಗು ಎಳೆದುಕೊಂಡು ಕೂತೆ. ಅತ್ತೆಯಾಗುವವಳು ಎಲ್ಲರಿಗಿಂತ ಮುಂದೆ ಕೂತಿದ್ದಳು. ಮೊದಲು ಬಿಳಿಯರ ಸಿಪಾಯಿಗಳು ಬಂದು ಸಲಾಮು ಹೊಡೆದರು. ನಮಗೆ ಅವರೆಲ್ಲ ಎಡಗೈಯಲ್ಲಿ ಹೊಡೆದ ಹಾಗೆ ಕಂಡಿತು, ಯಾರೂ ಏನೂ ಅನ್ನಲಿಲ್ಲ. ದೊರೆಗಳ ರೀತಿ ದೊರೆಗಳಿಗೆ. ಆಮೇಲೆ ನಮ್ಮ ಅಂಗಳ ಬಂತು. ನಮ್ಮಪ್ಪ ಪರದೆಯ ಮೇಲೆ ನಡೆದಾಡುತ್ತಿದ್ದ. ಅವ್ವ ನನ್ನ ಕೈ ಹಿಡಿದುಕೊಂಡಳು. ಬೀಗರು ಶಲ್ಯ ಒಡ್ಡಿದರು, ಅಪ್ಪ ತಟ್ಟೆಯಿಂದ ವೀಳ್ಯ ಎತ್ತಿ ಅದರಲ್ಲಿ ಹಾಕಿದ. ಎಡಗೈಯಿಂದ.

ಹಿಂದಿನಿಂದ ಯಾರೋ "ಎಡಗೈಲೆ ಕೊಟ್ಟನಲ್ಲವ್ವ" ಎಂದರು. ಆ ಮಾತು ಸಾಲಿನಿಂದ ಸಾಲಿಗೆ ದಾಟಿ ಮುಂದಕ್ಕೆ ಹೋಗುವುದು ನನಗೆ ಕತ್ತಲಲ್ಲೂ ಗೊತ್ತಾಗುತ್ತಿತ್ತು. ಎಡಗೈಯಲ್ಲಿ ಕೊಟ್ಟ ಭಿಕ್ಷೆಯನ್ನು ಜೋಗಿಯೂ ಮುಟ್ಟುವುದಿಲ್ಲ, ಇನ್ನು ಹೆಣ್ಣು ಕೊಡುವ ವೀಳ್ಯ. ಬಾಗಿಲು ತೆರೆದು ಬೆಳಕು ಬಿದ್ದ ಕೂಡಲೇ ಅತ್ತೆ ಎದ್ದು ನಿಂತಳು. ದನಿ ಏರಿಸಲಿಲ್ಲ. ಅವ್ವನಿಗೆ ಹೇಳಿದಳು, "ನಿಮ್ಮ ಯಜಮಾನ್ರಿಗೆ ಮನಸಿಲ್ಲ ಅಂತ ಮೊದಲ ಕೇಳಿದ್ದೆ. ಇವತ್ತು ಕಣ್ಣಿಲೆ ನೋಡಿದೆ. ಈ ಮದಿವಿ ಬ್ಯಾಡ."

ಹದಿನೈದು ದಿನ ಇರುವಾಗ ಬಿಟ್ಟ ಹುಡುಗಿಯನ್ನು ಆಮೇಲೆ ಯಾರು ಮಾಡಿಕೊಳ್ಳುತ್ತಾರೆ? ನನ್ನ ಹಿಂದೆ ಇಬ್ಬರು ತಂಗಿಯರಿದ್ದರು.

ಹೊರಗೆ ಬಿಸಿಲಿನಲ್ಲಿ ದೊಡ್ಡ ರಂಪವೇ ಆಯಿತು. ಹೆಂಗಸರೆಲ್ಲ ಎಡಗೈ ಎಂದರು, ಗಂಡಸರೆಲ್ಲ ಬಲಗೈ ಎಂದರು. ಒಂದೇ ಪಿಚ್ಚರು ನೋಡಿ ಬಂದ ಗಂಡ ಹೆಂಡಿರು ನೀನು ಕುರುಡಿ, ನೀನು ಕುರುಡ ಎಂದು ಬೈದಾಡಿಕೊಂಡರು. ಬೀಗರನ್ನು ಕೇಳಿದರೆ, ಆ ದಿನ ಎಲೆ ಎಲ್ಲಿ ನೆಲಕ್ಕೆ ಬೀಳುತ್ತವೋ ಎಂದು ಶಲ್ಯ ನೋಡುತ್ತಿದ್ದೆ, ಕೈ ನೋಡಲಿಲ್ಲ, ಈಗ ನೋಡಿದ್ದು ಬಲಗೈಯೇ, ಆದರೆ ಇಷ್ಟು ಜನ ಹೆಂಗಸರು ಸುಳ್ಳು ಹೇಳುತ್ತಾರೆಯೇ ಎಂದರು. ಸಾಧು ಮನುಷ್ಯ. ಸಾಧುಗಳಿಂದ ಯಾವ ಜಗಳವೂ ಬಗೆಹರಿಯುವುದಿಲ್ಲ.

ಅಪ್ಪ ಒಂದು ಒಳ್ಳೆಯ ಮಾತು ಆಡಿದ್ದರೆ ಆಗುತ್ತಿತ್ತು. ಆದರೆ ಅವನ ಮೂಗಿನ ತುದಿಯಲ್ಲೇ ಸಿಟ್ಟು. "ಲಿಂಗ ಹಿಡಿಯೋ ಕೈ ಯಾವುದು, ವೀಳ್ಯ ಕೊಡೋ ಕೈ ಯಾವುದು ಅಂತ ನಾನು ಸಾಕ್ಷಿ ಕರೀಬೇಕೇನು?" ಎಂದವನೇ ಗಾಡಿ ಕಟ್ಟಲು ಹೋದ. ಆ ಕಡೆ ಸಿರುಗುಪ್ಪದ ಗಾಡಿಗೂ ಎತ್ತು ಹೂಡುತ್ತಿದ್ದರು. ಹುಡುಗ ನೊಗದ ಹತ್ತಿರ ನೆಲ ನೋಡುತ್ತ ನಿಂತಿದ್ದ. ಎರಡು ಗಾಡಿ ಎರಡು ದಾರಿ ಹಿಡಿದರೆ ಮುಗಿಯಿತು.

ಅಷ್ಟರಲ್ಲಿ ಚಾಚಾನಿಗೆ ಹೊಳೆಯಿತು. ಓಡಿ ಬಂದು, ಇದು ಪರದೆಯ ತಪ್ಪು, ಹಿಂದಿನಿಂದ ನೋಡಿದವರಿಗೆ ಎಡ ಬಲ ಆಗುತ್ತದೆ, ಬಲ ಎಡ ಆಗುತ್ತದೆ ಎಂದು ಬೇಡಿಕೊಂಡ. ರೀಲನ್ನು ತಿರುವಿ ಹಾಕಿ ಇನ್ನೊಮ್ಮೆ ತೋರಿಸುತ್ತೇನೆ, ಹೆಂಗಸರ ಕಡೆಗೆ ಬಲಗೈಯೇ ಕಾಣುತ್ತದೆ ಎಂದ. ಅತ್ತೆ ಅವನನ್ನು ನೋಡಿ ಶಾಂತವಾಗಿ ಕೇಳಿದಳು, "ತಿರುವಿ ಹಾಕಿದ್ರ ಬಲಗೈ ಆಗತೈತಿ, ಹಂಗ ಹಾಕಿದ್ರ ಎಡಗೈ ಆಗತೈತಿ. ಹಂಗಾರ ಅವತ್ತು ಖರೇನ ಯಾವ ಕೈ ಇತ್ತು, ಯಾರು ಹೇಳಬೇಕು?" ಇಷ್ಟು ವರ್ಷವಾದರೂ ಆ ಪ್ರಶ್ನೆಗೆ ಉತ್ತರ ಹೇಳಿದವರನ್ನು ನಾನು ಕಂಡಿಲ್ಲ.

ಮದುಮಗಳು ಅತ್ತೆಯ ಎದುರು ತುಟಿ ಬಿಚ್ಚಬಾರದು. ಅವ್ವ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆಯುತ್ತಲೇ ಇದ್ದಳು. ಆದರೂ ನಾನು ಬಿಡಿಸಿಕೊಂಡು ಮುಂದೆ ಹೋದೆ. ಧೈರ್ಯದಿಂದಲ್ಲ, ಹೆದರಿಕೆಯಿಂದ. ಚಾಚಾನ ಮಾತು ಕೇಳುವಾಗ ನನ್ನ ಕಣ್ಣ ಮುಂದೆ ಆ ಚಿತ್ರದ ಅಂಗಳವೇ ಸುಳಿಯುತ್ತಿತ್ತು, ಅದರಲ್ಲಿ ಏನೋ ಅದಲು ಬದಲಾಗಿದೆ ಅನ್ನಿಸುತ್ತಿತ್ತು.

"ಅತ್ತಿ, ವೀಳ್ಯದ ದಿನ ನೀವು ನಮ್ಮ ಮನಿಗೆ ಬಂದಾಗ ಕಾಲು ಎಲ್ಲಿ ತೊಳಕೊಂಡ್ರಿ?"

ಆಕೆಗೆ ನಾನು ಮಾತಾಡಿದ್ದೇ ಆಶ್ಚರ್ಯ. "ಕಲ್ಲಬಾನಿ ಹತ್ರ. ಬೇವಿನ ಗಿಡದ ಕೆಳಗ" ಎಂದಳು.

"ಅಗಸಿ ದಾಟಿ ಒಳಗ ಬಂದ್ರ ಅದು ಯಾವ ಕಡಿ ಐತಿ?"

ಅತ್ತೆ ಬಲಗೈಯನ್ನು ಸ್ವಲ್ಪ ಎತ್ತಿದಳು, ಅಲ್ಲೇ ತಡೆದಳು. ಚಾಚಾ ಯಂತ್ರ ಇಟ್ಟಿದ್ದು ಅಗಸಿಯ ಹತ್ತಿರ ಎಂಬುದು ಆಕೆಗೆ ಗೊತ್ತಿತ್ತು. ಆದರೆ ನಮ್ಮ ಕಡೆಯ ಪರದೆಯ ಮೇಲೆ, ಬಲಕ್ಕೆ ಕಾಣಬೇಕಿದ್ದ ಬೇವಿನ ಗಿಡವೂ ನೀರಿನ ಕಲ್ಲಬಾನಿಯೂ ಎಡಕ್ಕಿದ್ದವು. ಆಕೆ ಅದನ್ನು ನೋಡಿದ್ದಳು, ನಾವೆಲ್ಲರೂ ನೋಡಿದ್ದೆವು. ಕೈ ನೋಡುವ ಗದ್ದಲದಲ್ಲಿ ಗಿಡ ಯಾರಿಗೆ ಬೇಕಿತ್ತು?

ಅತ್ತೆ ಚಾಚಾನ ಕಡೆ ತಿರುಗಿ, ಏನನ್ನೂ ತಿರುವಬೇಡ, ಇದ್ದದ್ದು ಇದ್ದ ಹಾಗೇ ಹಾಕು, ನಾನು ಗಂಡಸರ ಕಡೆ ಕೂತು ನೋಡುತ್ತೇನೆ ಎಂದಳು. ಬೀಗರು ಗಾಬರಿಯಾಗಿ ಅದು ಹೇಗಾಗುತ್ತದೆ ಎಂದರು. ಆಕೆ ನನ್ನ ಮುಂಗೈ ಹಿಡಿದು ಗಂಡಸರು ಹೋಗುವ ಮುಂಬಾಗಿಲಿನಿಂದಲೇ ಒಳಗೆ ನಡೆದಳು. ಒಳಗಿದ್ದ ಗಂಡಸರು ಒಬ್ಬೊಬ್ಬರೇ ಎದ್ದು ಗೋಡೆಗೆ ಸರಿದರು. ಯಾರದೋ ರುಮಾಲು ಬೆಂಚಿನ ಮೇಲೆ ಉಳಿದಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಕೂತಳು.

ಆಕೆ ನನ್ನ ಕೈ ಬಿಟ್ಟಿರಲಿಲ್ಲ. ಬಳೆಗಳು ನನಗೆ ಒತ್ತುತ್ತಿದ್ದವು. ಯಂತ್ರ ಕರಕರ ಎಂದಿತು. ಅಂಗಳ ಬಂತು. ಗಿಡ ಬಲಕ್ಕಿತ್ತು. ಅಪ್ಪ ವೀಳ್ಯ ಎತ್ತಿದ, ಬೀಗರ ಶಲ್ಯಕ್ಕೆ ಹಾಕಿದ, ಬಲಗೈಯಿಂದ. ನನಗೆ ಅಳು ಬಂದುಬಿಟ್ಟಿತು. ಅತ್ತೆ ಮಾತ್ರ ಅಲುಗಾಡಲಿಲ್ಲ. ಚಿತ್ರ ಮುಗಿದು ಬರೀ ಬೆಳಕು ಉಳಿದ ಮೇಲೂ ಪರದೆಯನ್ನೇ ನೋಡುತ್ತಿದ್ದಳು. ನನಗೆ ಮತ್ತೆ ಹೆದರಿಕೆ ಹತ್ತಿತು. ಕೈ ಸರಿಯಿದ್ದರೂ, ಹೀಗೆ ಎದುರು ಮಾತಾಡುವ ಹುಡುಗಿ ಬೇಡ ಎಂದುಬಿಟ್ಟರೆ?

ಆಕೆ ಎದ್ದು ಹೊರಗೆ ಬಂದಳು. ಅಪ್ಪ ಗಾಡಿ ಹೂಡಿ, ಎತ್ತಿನ ಹಗ್ಗ ಹಿಡಿದು ನಿಂತಿದ್ದ. ಒಳಗೆ ಏನಾಯಿತು ಎಂದು ಅವನು ಕೇಳಲೂ ಇಲ್ಲ. ಅತ್ತೆ ನೆಟ್ಟಗೆ ಅವನ ಮುಂದೆ ಹೋಗಿ ನಿಂತು, ಸೀರೆಯ ಸೆರಗನ್ನು ಉಡಿ ಮಾಡಿ ಒಡ್ಡಿದಳು.

"ಬೀಗರ, ಅವತ್ತು ಗಂಡಸರ ಶಲ್ಯದಾಗ ಹಾಕಿದ್ರಿ, ನನ್ನನ್ನ ಒಳಗ ಕುಂದರಿಸಿದ್ರಿ. ಇವತ್ತು ನನ್ನ ಉಡಿಯಾಗ ಹಾಕ್ರಿ. ನಾ ಎದುರಿಗೆ ನಿಂತು ನೋಡ್ತೀನಿ."

ಹೆಂಗಸಿನ ಉಡಿಗೆ ವೀಳ್ಯ ಕೊಟ್ಟು ಹೆಣ್ಣು ಗಟ್ಟಿ ಮಾಡಿದ್ದನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ನಾನು ಅಪ್ಪನ ಮುಖ ನೋಡುತ್ತಿದ್ದೆ, ಒಲ್ಲೆ ಎನ್ನುತ್ತಾನೆ ಎಂದೇ ತಿಳಿದಿದ್ದೆ. ಅವನು ಹಗ್ಗ ಬಿಟ್ಟ. ಸೊಂಟದಿಂದ ಎಲೆಯ ಚಂಚಿ ತೆಗೆದ. ಎಲೆ ಆರಿಸಿದ, ಒಂದು ಅಡಿಕೆ ಇಟ್ಟ. ಬಗ್ಗಿ ಆಕೆಯ ಉಡಿಯಲ್ಲಿ ಇಟ್ಟ.

"ಬಲಗೈ" ಎಂದಳು ಅತ್ತೆ, ಗೋದಾಮಿನ ಹೆಂಗಸರಿಗೆಲ್ಲ ಕೇಳುವ ಹಾಗೆ. ಅಪ್ಪನ ಎಡಗೈ ಅಷ್ಟರಲ್ಲಿ ಕಣ್ಣಿಗೆ ಹೋಗಿತ್ತು. ಆಕೆ ಅದನ್ನೂ ನೋಡಿದಳು, ಯಾರಿಗೂ ಹೇಳಲಿಲ್ಲ. ನಾನೂ ಇವತ್ತಿನವರೆಗೆ ಹೇಳಿರಲಿಲ್ಲ.